ಒಂದನೇ ತಾರೀಖಿಗೆ ಮುಂಚೆ

ಅಂಗಡಿಯ ಎರಡನೇ ಮಹಡಿ,
ಇಪ್ಪತ್ತನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಸಾಬೂನಿನ ಖಾರಕ್ಕೆ ಅಂಗೈ ಸುಲಿಯುತ್ತಿದೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯಾಯಿತೇ? ಕೈಗವಸು ಹಾಕಿಕೊಂಡೇ ಕೆಲಸ ಮಾಡು, ಜೊತೆಯಲ್ಲಿ ಸಾಬೂನು ಮಾಡುವ ನಿನ್ನ ಗೆಳತಿಗೂ ಹೇಳು. ನಿನ್ನ ಕಾಗದ ಬಂದ ದಿನ ಮನೆಯೆಲ್ಲ ಸಾಬೂನಿನ ಪರಿಮಳ. ನಿಮ್ಮಪ್ಪ ಪೇಪರ್ ಹಿಡಿದುಕೊಂಡು ಆ ಕಾಗದದ ಹತ್ತಿರವೇ ಬಹಳ ಹೊತ್ತು ಕೂತಿದ್ದರು. ನನ್ನ ಮಂಡಿನೋವು ಹಾಗೇ ಇದೆ, ಗಾಬರಿ ಬೇಡ. ಮಂಚ, ಕುರ್ಚಿಗಳ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಕೂರುವ ಜಾಗಕ್ಕೇನು ಬರ!

ಈಗಲೂ ಕೂತೇ ಬರೆಯುತ್ತಿದ್ದೇನೆ, ಗಿರಾಕಿಗಳಿಗೆ ತೋರಿಸಲು ನಾನೇ ಜೋಡಿಸಿದ ಮಾದರಿ ಕೋಣೆಯ ಮೇಜಿನ ಮುಂದೆ. ಇಲ್ಲಿ ಎಲ್ಲವೂ ಅರ್ಧ ನಿಜ. ಪುಸ್ತಕಗಳೆಲ್ಲ ಬರೀ ರಟ್ಟು, ಗಡಿಯಾರಕ್ಕೆ ಸೆಲ್ ಇಲ್ಲ. ಕಿಟಕಿ ಎಂದರೆ ಗೋಡೆಗೆ ಕೂರಿಸಿದ ಚಿತ್ರ. ಹಿಂದೆ ದೀಪ ಇಟ್ಟಿರುವುದರಿಂದ ಅದರಲ್ಲಿ ಯಾವಾಗಲೂ ಬೆಳಗಿನ ಬಿಸಿಲು. ನೋಡುತ್ತಾ ಕೂತರೆ ಊಟದ ಹೊತ್ತೂ ಮರೆತುಹೋಗುತ್ತದೆ. ಒಳಗೆ ಬಂದವರು ಯಾರೂ ಹೇಳದೆಯೇ ದನಿ ತಗ್ಗಿಸುತ್ತಾರೆ. ಗಂಡ ಹೆಂಡತಿ ಮಂಚದ ಮೇಲೆ ಅಂಗಾತ ಮಲಗಿ, ಇನ್ನೂ ಕಟ್ಟದ ಮನೆಯಲ್ಲಿ ಇಲ್ಲಿ ಬೀರು, ಅಲ್ಲಿ ತೊಟ್ಟಿಲು ಎಂದು ಪಿಸುಗುಡುತ್ತಾರೆ. ಅವರು ಎದ್ದುಹೋದ ಮೇಲೆ ಹೊದಿಕೆಯ ಸುಕ್ಕು ಸರಿಮಾಡುವುದು ನನ್ನ ಕೆಲಸ. ಹಾಸಿಗೆ ಇನ್ನೂ ಬೆಚ್ಚಗಿರುತ್ತದೆ. ತಕ್ಷಣ ಮುಟ್ಟಲು ಮನಸ್ಸು ಬರುವುದಿಲ್ಲ.

ಆದರೆ ಈ ತಿಂಗಳು ಮಲಗಿ ನೋಡುವವರೇ ಎಲ್ಲ, ಕೊಳ್ಳುವವರಿಲ್ಲ. ಜನ ಕೈ ಬಿಗಿ ಹಿಡಿದಿದ್ದಾರೆ, ಅವರು ಖರ್ಚು ಮಾಡಿದರೆ ತಾನೇ ಕಾರ್ಖಾನೆ ಓಡುವುದು ಎಂದು ಸರ್ಕಾರ ಮಂಚ, ಮೇಜುಗಳ ತೆರಿಗೆ ಇಳಿಸಿತಲ್ಲ? ಇಳಿಸಿದ್ದೇನೋ ಸರಿ, ಒಂದನೇ ತಾರೀಖಿನಿಂದ ಎಂದರು. ಅದು ರೇಡಿಯೋದಲ್ಲಿ ಬಂದ ಸಂಜೆಯೇ ವ್ಯಾಪಾರ ನಿಂತುಹೋಯಿತು. ಕೆಲವು ದಿನ ಕಾದರೆ ಅಗ್ಗವಾಗುವುದನ್ನು ಇವತ್ತೇ ಕೊಳ್ಳಲು ಯಾರಿಗೆ ಹುಚ್ಚು? ಮುಂಗಡ ಕೊಟ್ಟವರೂ ಬಂದು "ಬಿಲ್ಲು ಒಂದನೇ ತಾರೀಖಿಗೇ ಹಾಕಿ" ಎನ್ನುತ್ತಿದ್ದಾರೆ. ನಮ್ಮ ಅಂಗಡಿ ಯಜಮಾನರ ಪಾಡಂತೂ ಕೇಳಬೇಡ. ಇಷ್ಟೊಂದು ಹಾಸಿಗೆಗಳ ಒಡೆಯರಿಗೆ ರಾತ್ರಿ ನಿದ್ದೆಯೇ ಇಲ್ಲವಂತೆ.

ಈ ಸುದ್ದಿಗೆ ಹಿಗ್ಗಿದವರು ನಿಮ್ಮಪ್ಪ ಒಬ್ಬರೇ. ನಿನಗೆ ಗೊತ್ತಲ್ಲ, ಪೇಪರಿನಲ್ಲಿ ಅವರು ಮೊದಲು ತೆರೆಯುವುದು ವಾಣಿಜ್ಯದ ಪುಟ, ಅದರಲ್ಲೂ ಆ ಎರಡೆರಡು ಸಾಲಿನ ಚುಟುಕು ಸುದ್ದಿ. ಬಡ್ಡಿ ಇಳಿಯಲಿ, ಬಜೆಟ್ ಬರಲಿ, ತಾಳಿದವನು ಬಾಳಿಯಾನು ಎನ್ನುತ್ತಾ ಒಂದು ಫ್ರಿಜ್ಜಿಗೆ ಆರು ಬೇಸಿಗೆ ಕಾಯಿಸಿದ ಮಹಾನುಭಾವರು! ನೀನು ಬ್ಯಾಂಕಿನ ಕೆಲಸ ಬಿಟ್ಟು ಸಾಬೂನು ಮಾಡುತ್ತೇನೆ ಎಂದಾಗಲೂ ಅದೇ ರಾಗ: "ಹಾಸಿಗೆ ಇದ್ದಷ್ಟು ಕಾಲು ಚಾಚು. ಮಾರ್ಕೆಟ್ ಸರಿಯಾಗ್ಲಿ, ಆಮೇಲೆ ನೋಡೋಣ." ನೀನು "ನಿಂಗೆ ಯಾವತ್ತೂ ಸರಿಯಾದ ದಿನ ಬರಲ್ಲಪ್ಪಾ" ಎಂದು ಹೊರಟೇಬಿಟ್ಟೆ. ಆ ಸಿಟ್ಟಿನಲ್ಲಿ ನಿನ್ನ ಮಂಚವನ್ನು ಯಾರಿಗೋ ಕೊಟ್ಟರು. ವಾರದೊಳಗೆ ಆ ಖಾಲಿ ಜಾಗ ನೋಡಲಾರದೆ ಕೋಣೆಯ ಬಾಗಿಲು ಹಾಕಿದರು. ಹೊಸದು ತರೋಣ ಎಂದರೆ, "ರೇಟು ಇಳೀಲಿ." ಮೂರು ವರ್ಷ ಹೀಗೇ ಹೋಯಿತು. ನಿನಗೆ ಹೇಳಿರಲಿಲ್ಲ, ಈಗ ಅವರು ಆ ಚುಟುಕುಗಳಲ್ಲಿ ಮೊದಲು ಹುಡುಕುವುದು ಸಾಬೂನನ್ನು. "ಸಾಬೂನಿನ ತೆರಿಗೆ ಹಾಗೇ ಇದೆ" ಎಂದು ದಿನಾ ಗೋಡೆಗೆ ಹೇಳುತ್ತಾರೆ.

ಮೂವತ್ತನೇ ತಾರೀಖು ನೀನು ಆರ್ಡರ್ ತಲುಪಿಸಲು ಇಲ್ಲಿಗೆ ಬರುತ್ತಿರುವುದನ್ನು, ರಾತ್ರಿ ಲಾಡ್ಜಿನಲ್ಲಿ ಉಳಿದು ಬೆಳಿಗ್ಗೆ ಹೊರಡುವುದನ್ನು ಅವರಿಗೆ ಓದಿ ಹೇಳಿದೆ. "ಅಲ್ಲಿ ನಂಗೆ ಮಲಗೋಕೆ ಜಾಗ ಎಲ್ಲಿದೆ" ಎಂದು ಬರೆದಿದ್ದೆಯಲ್ಲ, ಆ ಸಾಲನ್ನೂ ಬಿಡದೆ ಓದಿದೆ. ಬೇಕೆಂದೇ ಓದಿದೆ. ಪೇಪರ್ ಮಡಿಸಿಟ್ಟರು, ಅಷ್ಟೇ. ಮೂರು ವರ್ಷದ ಮೇಲೆ ಬರುವ ಮಗಳು ನಮ್ಮ ಬೀದಿ ದಾಟಿಕೊಂಡು ಹೋಗಿ ಬೇರೆಲ್ಲೋ ಮಲಗುತ್ತಾಳಲ್ಲ ಎಂದು ನನಗೆ ಅಳುವೇ ಬಂತು, ಗುಬ್ಬೀ.

ಇವತ್ತು ನಾನು ಕನ್ನಡಕ ಮರೆತು ಬಂದಿದ್ದೆ. ಕೊಟ್ಟುಹೋಗಲು ನಿಮ್ಮಪ್ಪ ಬಂದರು, ಈ ಮಹಡಿ ಹತ್ತಿದ್ದು ಇದೇ ಮೊದಲು. ನಾನು ಕೂತಿರುವ ಈ ಕೋಣೆಯಲ್ಲಿ ಹಸಿರು ತಲೆಹಲಗೆಯ ಒಂದು ಸಣ್ಣ ಮಂಚವಿದೆ. ಯಜಮಾನರಿಗೆ ಗೊತ್ತಿಲ್ಲ, ಇದನ್ನೆಲ್ಲ ನಾನು ಜೋಡಿಸಿರುವುದು ನಿನ್ನ ಕೋಣೆಯಂತೆಯೇ: ಕಿಟಕಿಗೆ ಅಡ್ಡವಾಗಿ ಮಂಚ, ನೀನು ಎಡಚಿ ಎಂದು ದೀಪ ಎಡಗಡೆ. ನಿಮ್ಮಪ್ಪನಿಗೆ ಒಂದೇ ನೋಟಕ್ಕೆ ತಿಳಿಯಿತು. ಚಪ್ಪಲಿ ಬಿಟ್ಟು ಕೂತರು. ಬೆಲೆಯ ಚೀಟಿ ತಿರುಗಿಸಿ ನೋಡಿದರು, ಮತ್ತೆ ಕವುಚಿ ಹಾಕಿದರು. ಹಾಗೇ ಒರಗಿದವರು ನಿದ್ದೆ ಹೋಗಿದ್ದಾರೆ. ಸುಳ್ಳು ಕಿಟಕಿಯ ಬಿಸಿಲು ಅವರ ಪಾದದ ಮೇಲೆ ಬಿದ್ದಿದೆ. ಬಂದ ಗಿರಾಕಿಗಳು ಇಣುಕಿ ನೋಡಿ, ಇದೂ ಅಂಗಡಿಯದೇ ಏರ್ಪಾಡೇನೋ ಎಂಬಂತೆ ತುದಿಗಾಲಲ್ಲಿ ಹಿಂದೆ ಸರಿಯುತ್ತಿದ್ದಾರೆ. ಎಬ್ಬಿಸಬೇಕು. ಇನ್ನೊಂದು ಗಳಿಗೆ ಮಲಗಲಿ.

ಲಾಡ್ಜೋ, ಮನೆಯೋ, ಎಲ್ಲಿ ಮಲಗಿದರೂ ನಿನಗೆ ಕಣ್ತುಂಬ ನಿದ್ದೆ ಬರಲಿ. ಹಿಡಿದ ಕೆಲಸ ಕೈಹಿಡಿಯಲಿ. ಗೆಳತಿಗೆ ನನ್ನ ಪ್ರೀತಿ ತಿಳಿಸು.

ನಿನ್ನ
ಅಮ್ಮ

ತಾ.ಕ.: ಲಾಡ್ಜಿನವರಿಗೆ ರೂಮು ಬೇಡ ಅಂತ ಇವತ್ತೇ ಹೇಳಿಬಿಡು! ಲಕೋಟೆ ಅಂಟಿಸುವುದರಲ್ಲಿದ್ದೆ, ಎದ್ದರು. ಹೊದಿಕೆಯ ಸುಕ್ಕನ್ನು ತಾವೇ ಸರಿಮಾಡಿ, ಸೀದಾ ಕೆಳಗಿಳಿದು ಹೋಗಿ ಹಸಿರು ಮಂಚಕ್ಕೆ ಬಿಲ್ಲು ಹಾಕಿಸಿದ್ದಾರೆ, ಪೂರ್ತಿ ಬೆಲೆಗೆ. ಯಜಮಾನರೇ ಗಾಬರಿಯಾಗಿ "ಒಂದನೇ ತಾರೀಖಿನವರೆಗೆ ತಡೀಬಹುದಲ್ಲ" ಅಂದರಂತೆ. ನಾನೂ ಓಡಿಹೋಗಿ, ಇನ್ನೊಂದೇ ವಾರ ಕಾದರೆ ಎಷ್ಟು ಉಳಿಯುತ್ತದೆ ರೀ ಅಂದೆ. ನಿಮ್ಮಪ್ಪ ದಡ್ಡಿಯನ್ನು ನೋಡಿದ ಹಾಗೆ ನನ್ನನ್ನು ನೋಡಿ, "ಅವಳು ಬರೋದು ಮೂವತ್ತಕ್ಕೆ ಕಣೇ" ಅಂದರು.