ಮೂವತ್ತಾರು ತ್ರಿಕೋನ ಅಳಿಸಿದ ಅಕ್ಕೋರಿಗೆ

ಗುಳೇದಗುಡ್ಡ,
ಫೆಬ್ರುವರಿ ೩೦, ೨೨೧೮

ವನಮಾಲಾ ಅಕ್ಕೋರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಉಳಿದ ಐದು ದಿನಗಳನ್ನು ಹಬ್ಬಕ್ಕೆ ಬಿಟ್ಟಿದ್ದೇವೆ. ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಮನ್ನಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ, ಏಕೆಂದರೆ ತಪ್ಪು ನಿಮ್ಮದು. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರ ಆಯುಷ್ಯಕ್ಕೆ ಮೂರು ಪತ್ರ ಮಾತ್ರ ಹಾಕಬಹುದು.

ನಾನು ದ್ರಾಕ್ಷಾಯಿಣಿ ಕವಡಿಮಟ್ಟಿ. ನೀವು ಕಲಿಸಿದ ಊರಿನಲ್ಲೇ, ನೂರ ತೊಂಬತ್ತು ವರ್ಷಗಳ ನಂತರ, ನೀವು ಕಲಿಸಿದ್ದನ್ನೇ ಕಲಿಸುವವಳು. ನಮ್ಮೂರಲ್ಲಿ ಈಗಲೂ ಕುಪ್ಪಸದ ಖಣ ನೇಯುತ್ತಾರೆ. ಆದರೆ ಮಗ್ಗಗಳು ಕೈಗೆ ಬಗ್ಗುವುದಿಲ್ಲ, ಮಾತಿಗೆ ಬಗ್ಗುತ್ತವೆ. ಇಷ್ಟು ಮುಂದೆ ಹೋಗು, ಇಷ್ಟು ತಿರುಗು, ಇದನ್ನೇ ಇಷ್ಟು ಸಲ ಮಾಡು ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳಬೇಕು. ನನ್ನ ಮುತ್ತಜ್ಜಿಯ ಕಾಲಕ್ಕೆ ಹಾಗೆ ಹೇಳುವುದನ್ನು ಜನ ಪೂರ್ತಿ ಮರೆತಿದ್ದರು. ಬಾಯಿಬಿಟ್ಟು ಕೇಳಿದರೆ ಸಾಕು, ಯಂತ್ರವೇ ಎಲ್ಲವನ್ನೂ ಮಾಡಿಕೊಡುತ್ತಿತ್ತಂತೆ. ಆಮೇಲೊಂದು ದಿನ ಆ ಯಂತ್ರಗಳನ್ನು ಕಡಲಾಚೆಯ ಮಂಡಳಿಯವರು ತಮ್ಮ ಹಿಡಿತಕ್ಕೆ ತೆಗೆದುಕೊಂಡರು. ಅವರು ಕಳಿಸಿದ ಚಿತ್ತಾರವನ್ನೇ ನಾವು ನೇಯಬೇಕಾಯಿತು. ನಮ್ಮ ಚಿತ್ತಾರ ನೇಯಲು ಈಗ ಒಂದೇ ದಾರಿ. ಏಳು ವರ್ಷಕ್ಕೊಮ್ಮೆ ಹೆಜ್ಜೆಯ ಒರೆ ಎಂಬ ಪರೀಕ್ಷೆ ನಡೆಯುತ್ತದೆ. ಊರಿನ ಒಂದು ಮಗು, ಮಂಡಳಿಯವರು ಅಲ್ಲಿಯೇ ಕೊಡುವ ಹೊಸ ಚಿತ್ತಾರವನ್ನು ಮಗ್ಗಕ್ಕೆ ಹೇಳಿ ನೇಯಿಸಬೇಕು. ಸಂಜೆಯವರೆಗೂ ತಿದ್ದಿಕೊಳ್ಳಬಹುದು. ಗೆದ್ದರೆ ಊರಿನ ಮಗ್ಗಗಳೆಲ್ಲ ಏಳು ವರ್ಷ ಊರಿನವರ ಮಾತು ಕೇಳುತ್ತವೆ.

ಹಳೇ ಶಾಲೆಯ ಅಟ್ಟದಲ್ಲಿ ನಿಮ್ಮ ತರಗತಿಯ ಚಿತ್ರಪ್ರದರ್ಶನದ ಕಡತ ಸಿಕ್ಕಾಗ ನಾನು ಕುಣಿದಾಡಿಬಿಟ್ಟೆ. ಮುನ್ನೂರ ಹನ್ನೊಂದು ಚಿತ್ರ! ಪ್ರತಿ ಚಿತ್ರದ ಪಕ್ಕದಲ್ಲಿ ಮಗುವಿನ ಹೆಸರು, ಹೇಳಿದಂತೆ ನಡೆದು ಗೆರೆ ಎಳೆಯುವ ಆಮೆಗೆ ಕೊಟ್ಟ ಹೆಜ್ಜೆಗಳು. ನೀವು ಬ್ಲಾಕ್ ಅನ್ನುತ್ತಿದ್ದುದನ್ನು ನಾವು ಹೇಳುಬಿಲ್ಲೆ ಅನ್ನುತ್ತೇವೆ. ಅಂಗೈಯಗಲದ ಮರದ ಬಿಲ್ಲೆಗಳು, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ; ಮಗ್ಗಕ್ಕೂ ಆಮೆಗೂ ಹೆಜ್ಜೆ ಹೇಳುವುದು ಇವನ್ನು ಜೋಡಿಸಿಯೇ. ನಿಮ್ಮ ಆಮೆ ಪರದೆಯ ಮೇಲೆ ಓಡಾಡಿದರೆ, ನಮ್ಮದು ಬಾಲದಲ್ಲಿ ಸುಣ್ಣದ ಕಡ್ಡಿ ಸಿಕ್ಕಿಸಿಕೊಂಡು ನೆಲದ ಮೇಲೆ ನಡೆಯುತ್ತದೆ. ನೂರು ಮುಂದೆ, ತೊಂಬತ್ತು ಬಲಕ್ಕೆ, ನಾಲ್ಕು ಸಲ ಅಂದರೆ ಚೌಕ. ಚೌಕವನ್ನು ಹತ್ತತ್ತು ಡಿಗ್ರಿ ತಿರುಗಿಸುತ್ತ ಮೂವತ್ತಾರು ಸಲ ಬರೆಸಿದರೆ ಹೂವು. ಒಂದೊಂದೇ ಡಿಗ್ರಿ ತಿರುಗಿಸಿ ಮುನ್ನೂರ ಅರವತ್ತು ಸಲ ನಡೆಸಿದರೆ ಸುತ್ತು. ಅಬ್ಬಾ, ಎಂಥ ಅಚ್ಚುಕಟ್ಟು! ಒಂದು ಗೆರೆಯೂ ಸೊಟ್ಟಗಿಲ್ಲ. ಆರು ವರ್ಷ ಆ ಕಡತವನ್ನೇ ನಂಬಿ ಕಲಿಸಿದೆ. ಮಕ್ಕಳು ನಿಮ್ಮ ಮಕ್ಕಳ ಹೆಸರುಗಳನ್ನು ದೊಡ್ಡವರ ಹೆಸರಿನಂತೆ ಹೇಳುತ್ತಿದ್ದರು.

ಈ ಸಲ ಒರೆಗೆ ಹೋದವಳು ಹಂಪವ್ವ. ಹನ್ನೊಂದು ವರ್ಷ, ನನ್ನ ತರಗತಿಯಲ್ಲೇ ಚುರುಕು ಹುಡುಗಿ. ಮಂಡಳಿಯವರು ಗೋಪುರಗಳ ಸಾಲು ನೇಯಿಸು ಅಂದರು. ಗೋಪುರವೆಂದರೆ ಮೂರೂ ಬದಿ ಸಮವಾದ ತ್ರಿಕೋನ, ಅಷ್ಟೇ. ಹಂಪವ್ವ ಕೋನಮಾಪಕ ಇಟ್ಟು ಅಳೆದಳು. ಮೂಲೆ ಅರವತ್ತು. ನೂರು ಮುಂದೆ, ಅರವತ್ತು ಬಲಕ್ಕೆ, ಮೂರು ಸಲ. ಮಗ್ಗ ನೇಯ್ದಿತು. ಗೋಪುರದ ಬದಲು ಬಾಯಿ ತೆರೆದ ಬೋಗುಣಿಗಳ ಸಾಲು ಬಂತು.

ಮಂಡಳಿಯವರು ನಕ್ಕರು. ಹುಡುಗಿ ಬಿಲ್ಲೆಗಳನ್ನೆಲ್ಲ ಬಿಚ್ಚಿ ಮತ್ತೆ ಅದನ್ನೇ ಜೋಡಿಸಿದಳು. ಮತ್ತೆ ಬೋಗುಣಿ. ಎಲ್ಲಿ ತಪ್ಪಿತು ಎಂದು ಒಂದೊಂದೇ ಹೆಜ್ಜೆ ನಡೆದು ನೋಡಬೇಕು ಎಂಬುದೇ ಆಕೆಗೆ ಹೊಳೆಯಲಿಲ್ಲ. ಯಾರಾದರೂ ತಪ್ಪಿ ತಿದ್ದಿಕೊಂಡದ್ದನ್ನು ಆಕೆ ಕಂಡಿದ್ದರೆ ತಾನೆ? ಸಂಜೆಯವರೆಗೆ ಕೈಯಲ್ಲಿ ಬಿಲ್ಲೆ ಹಿಡಿದುಕೊಂಡೇ ನಿಂತಳು, ಒರೆ ಸೋತೆವು. ಹಿಂದೆ ನಿಂತಿದ್ದ ನನಗೂ ಗೊತ್ತಾಗಲಿಲ್ಲ, ಸುಳ್ಳೇಕೆ ಹೇಳಲಿ. ಊರಿಗೆ ಬಂದು ಅಂಗಳದಲ್ಲಿ ನಾನೇ ಆಮೆಯಾಗಿ ನಡೆದೆ. ಮೂಲೆಯಲ್ಲಿ ಅರವತ್ತು ತಿರುಗಿದರೆ ಮುಖ ಇನ್ನೂ ಹೊರಗೇ ಇರುತ್ತದೆ. ಮುಂದಿನ ಬದಿಯ ಕಡೆಗೆ ಮುಖ ಬರಬೇಕಾದರೆ ನೂರಾ ಇಪ್ಪತ್ತು ತಿರುಗಬೇಕು. ಚೌಕದಲ್ಲಿ ಮೂಲೆಯೂ ತೊಂಬತ್ತು, ತಿರುಗುವುದೂ ತೊಂಬತ್ತು. ಹಾಗಾಗಿ ಆರು ವರ್ಷ ನಮಗೆ ಈ ವ್ಯತ್ಯಾಸವೇ ತಿಳಿದಿರಲಿಲ್ಲ.

ಮುನ್ನೂರ ಹನ್ನೊಂದು ಚಿತ್ರಗಳಲ್ಲಿ ಒಂದೂ ತ್ರಿಕೋನ ಏಕಿಲ್ಲ ಎಂದು ಆಗ ಯೋಚನೆ ಬಂತು. ಕಡತದ ರಟ್ಟು ಬಿಚ್ಚಿ ನೋಡಿದೆ. ಒಳಗೊಂದು ಚೀಟಿ. ಮೇಲೆ ನಿಮ್ಮ ಹೆಡ್‌ಮಾಸ್ತರರ ಅಕ್ಷರ: "ತ್ರಿಕೋನ ಯಾರಿಗೂ ಸರಿಯಾಗಿ ಬಂದಿಲ್ಲ. ಬುಧವಾರ ಸಾಹೇಬರು ಬರುವುದರೊಳಗೆ ತೆಗೆದುಬಿಡಿ." ಕೆಳಗೆ ನಿಮ್ಮದು: "ತೆಗೆದಿದ್ದೇನೆ ಸರ್. ಮೂವತ್ತಾರೂ."

ಮೂವತ್ತಾರೂ! ತರಗತಿಗೆ ತರಗತಿಯೇ ಅರವತ್ತು ತಿರುಗಿಸಿತ್ತು. ಮೂವತ್ತಾರು ಬೋಗುಣಿಗಳು ನಿಮ್ಮ ಕಣ್ಣೆದುರಿಗಿದ್ದವು. ನಮಗೆ ಬೇಕಾಗಿದ್ದ ಪಾಠ ಅದೊಂದೇ, ಅದನ್ನೇ ಒರೆಸಿ ಹಾಕಿದಿರಿ. ಸಾಹೇಬರು ಎಷ್ಟು ಹೊತ್ತು ನೋಡಿದರು? ಚಹಾ ಕುಡಿದು, ಹಾರ ಹಾಕಿಸಿಕೊಂಡು ಹೋಗಿರುತ್ತಾರೆ. ನಾವು ಆರು ವರ್ಷ ನೋಡಿದೆವು, ಅಕ್ಕೋರೆ. ನಂಬಿಸಿ ಕತ್ತು ಕೊಯ್ದಿರಿ. 

ಹಂಪವ್ವ ಶಾಲೆ ಬಿಟ್ಟಿದ್ದಾಳೆ. ಮನೆಗೆ ಹೋಗಿದ್ದೆ. ಅವರವ್ವ, "ಊರ ಮಂದಿ ಏನೂ ಅಂದಿಲ್ರೀ ಅಕ್ಕೋರ, ಆಕೀನ ಮೂಲಿ ಹಿಡದ ಕುಂತಾಳ" ಅಂದಳು. ಹುಡುಗಿ ನನ್ನನ್ನೇ ಕೇಳಿದಳು: "ಆ ಕಾಲದ ಹುಡುಗ್ರು ಮುನ್ನೂರಾ ಹನ್ನೊಂದು ಸಲ ಬರದಾರ, ಒಬ್ರೂ ತಪ್ಪಿಲ್ಲ. ನಾ ಒಬ್ಬಾಕೀನ ಯಾಕ ಹಿಂಗದೀನ್ರೀ?" ನಾನೂ ತಪ್ಪುತ್ತಿದ್ದೆ ಕಣವ್ವ ಅಂದೆ. "ನನ್ನ ಸಮಾಧಾನಕ್ಕ ಹೇಳ್ತೀರಿ" ಅಂದಳು. ಚೀಟಿ ತೋರಿಸಿದೆ. "ಚೀಟಿ ಐತಿ, ಚಿತ್ರ ಎಲ್ಲಿ ಅದಾವ್ರೀ?" ಅಂದಳು. 

ಮುಂದಿನ ಒರೆಗೆ ಏಳು ವರ್ಷವಿದೆ, ಬೇರೆ ಮಗುವನ್ನು ತಯಾರು ಮಾಡಬಹುದು. ಮಗ್ಗಗಳ ಮಾತು ಬಿಡಿ. ನಾನು ಬರೆಯುತ್ತಿರುವುದು ಹಂಪವ್ವನಿಗಾಗಿ.

ಇದು ನನ್ನ ಮೂರನೆಯ, ಕೊನೆಯ ಪತ್ರ; ನೀವು ಅಳಿಸುವ ಮೊದಲೇ ಕೈ ಸೇರುತ್ತದೆ. ಮೊದಲೆರಡೂ ನಿಮಗೇ ಹಾಕಿದ್ದು, ಎರಡೂ ಆ ಬುಧವಾರದ ಹಿಂದಿನ ದಿನ ನಿಮ್ಮ ಕೈ ಸೇರಿವೆ; ನೀವು ಸಹಿ ಹಾಕಿದ ರಸೀದಿಗಳು ನನ್ನ ಹತ್ತಿರ ಇವೆ. ಎರಡು ಸಲವೂ ಓಡಿಬಂದು ಕಡತ ತೆರೆದೆ. ಅದೇ ಮುನ್ನೂರ ಹನ್ನೊಂದು. ಓದಿದಿರಿ, ಮಡಿಸಿಟ್ಟಿರಿ, ಅಳಿಸಿದಿರಿ. ಗೊತ್ತಿಲ್ಲದೆ ಮಾಡಿದಿರಿ ಎಂದು ಮೊದಲು ಅಂದುಕೊಂಡಿದ್ದೆ. ಈಗ ಹಾಗೆ ಅಂದುಕೊಳ್ಳಲು ನೀವೇ ಬಿಟ್ಟಿಲ್ಲ.

ಮೂವತ್ತಾರೂ ಬೇಡ. ಒಂದು ಬೋಗುಣಿ ಉಳಿಸಿ, ಮಗುವಿನ ಹೆಸರಿನ ಸಮೇತ. ಸಾಹೇಬರು ಕೇಳಿದರೆ ಮಕ್ಕಳು ಕಲಿಯುತ್ತಿದ್ದಾರೆ ಎನ್ನಿ, ನಿಮ್ಮ ಕೆಲಸವೇನೂ ಹೋಗುವುದಿಲ್ಲ.

ಹಿಂದೆ ಎರಡು ಸಲವೂ ಕಡತವನ್ನು ನಾನೊಬ್ಬಳೇ ತೆರೆದೆ. ಈ ಸಲ ಹಂಪವ್ವನನ್ನು ಕೈ ಹಿಡಿದು ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡಿದ್ದೇನೆ. ಪತ್ರ ಹೋದ ಕೂಡಲೇ ಆಕೆಯೇ ಕಡತ ತೆರೆಯುತ್ತಾಳೆ. ಆಕೆಗೆ ಉತ್ತರ ಕೊಡಬೇಕಾದವರು ನೀವು.

ದ್ರಾಕ್ಷಾಯಿಣಿ