ಕತ್ತರಿ ಹಿಡಿಯುವ ಮುಂಚೆ

ನ್ಯಾಮತಿ
12 ಫೆಬ್ರವರಿ 2025

ರವಿಕುಮಾರ್ ಅವರಿಗೆ ಶಂಕ್ರಮ್ಮ ಮಾಡುವ ನಮಸ್ಕಾರ.

ಮದುವೆಯಾದಾಗಿನಿಂದ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಇವತ್ತು ಬರೆದಿದ್ದೇನೆ. ಕಾಲು ಹೋಗಿವೆ, ಕೈ ಇನ್ನೂ ನನ್ನದೇ ಎಂಬುದು ನಿಮಗೆ ನೆನಪಾಗಲಿ.

ಭಾನುವಾರ ನೀವು ಹೊನ್ನಾಳಿಯಿಂದ ಇಲ್ಲಿಗೆ, ನನ್ನ ಗೆಳತಿಯ ಮನೆಗೆ ಬಂದಿರಿ. ನಾನು ಬಾಗಿಲ ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕೂತು ಬ್ಲೌಸಿಗೆ ಹುಕ್ ಹಚ್ಚುತ್ತಿದ್ದೆ. ನನ್ನನ್ನು ದಾಟಿ ಒಳಗೆ ನೋಡಿ ಗೌಸಿಯಾಳನ್ನು ಕೇಳಿದಿರಿ, “ಊಟ ಮಾಡಿದ್ಳಾ? ನಿದ್ದೆ ಮಾಡ್ತಾಳಾ?”

“ಇಲ್ಲೇ ಕುಂತಾಳಲ್ರೀ, ಅವಳನ್ನೇ ಕೇಳ್ರಿ” ಅಂದಳು ಗೌಸಿಯಾ.

ನೀವು ನೆಲ ನೋಡಿದಿರಿ. ತಂದಿದ್ದ ಬಾಳೆಹಣ್ಣನ್ನು ಕಟ್ಟೆಯ ಮೇಲಿಟ್ಟು ಬೈಕ್ ಹತ್ತಿದಿರಿ. ಅಷ್ಟು ದೂರ ಬಂದು ಹೆಂಡತಿಯ ಜೊತೆ ಒಂದು ಮಾತೂ ಆಡದೆ ಹೋದಿರಿ. ಅದಕ್ಕೇ ಈ ಕಾಗದ.

ನಿಮ್ಮನ್ನು ಕೆಟ್ಟವರೆಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ಬೀಳುತ್ತೇನೆ. ಸವಳಂಗದ ಹತ್ತಿರ ನಾಯಿ ಅಡ್ಡ ಬಂದು ಬೈಕ್ ಬಿದ್ದು, ನನ್ನ ಬೆನ್ನುಮೂಳೆ ಮುರಿದ ಮೇಲೆ ಎರಡು ವರ್ಷ ನನ್ನ ಹೇಲುಚ್ಚೆ ಬಳಿದಿದ್ದೀರಿ. ಒಂದು ದಿನವೂ ಮುಖ ಕಿವುಚಲಿಲ್ಲ. ಆದರೆ ಓಡಿಸುತ್ತಿದ್ದವರು ನೀವೆಂಬ ಸಂಕಟಕ್ಕೆ ಪ್ರಾಯಶ್ಚಿತ್ತದಂತೆ ಸೇವೆ ಮಾಡಿದಿರಿ. ದೇವರ ಸೇವೆ ಮಾಡುವವರು ದೇವರನ್ನು ಏನೂ ಕೇಳುವುದಿಲ್ಲ. ತೊಳೆಯುತ್ತಾರೆ, ಉಡಿಸುತ್ತಾರೆ, ಬಾಗಿಲು ಹಾಕುತ್ತಾರೆ. ನಾನು ಕಲ್ಲಲ್ಲ.

ಸಂಜೆ ನಾಲ್ಕಾದ ಮೇಲೆ ನೀರು ಕೇಳಿದರೆ “ರಾತ್ರಿ ಎಬ್ಬಿಸಾಕೆ ಕಷ್ಟ ಆಗ್ತೈತೆ” ಅಂದಿರಿ. ಬಾಯಾರಿಕೆಯಲ್ಲೇ ಮಲಗಿದೆ. ಹೊತ್ತು ಮುಳುಗುವ ಮುಂಚೆ ನೈಟಿ ತೊಡಿಸಿದಿರಿ, ತೊಟ್ಟೆ. ಮನೆಗೆ ಬಂದವರು ನನ್ನ ಎದುರೇ ನಿಮ್ಮನ್ನು “ಇವ್ರು ಟೀ ಕುಡೀತಾರಾ?” ಎಂದು ಕೇಳಿದರು. “ಬೇಡ” ಎಂದವರು ನೀವು. ಅದನ್ನೂ ನುಂಗಿಕೊಂಡೆ.

ಕೂದಲನ್ನು ನುಂಗಲಾಗಲಿಲ್ಲ.

ಜನವರಿಯಲ್ಲಿ ನನಗೆ ಜ್ವರ ಬಂತೆಂದು ಚನ್ನಗಿರಿಯಿಂದ ನಿಮ್ಮಕ್ಕ ಅಂತರಘಟ್ಟಮ್ಮ ಬಂದರು. ಸಿಕ್ಕು ಬಿಡಿಸುವುದು ಯಾರ ಕೈಲಾಗುತ್ತದೆಂದು ಕತ್ತರಿ ತಂದರು. ನೀವು ನನ್ನ ತಲೆ ಹಿಡಿದುಕೊಂಡಿರಿ. ಜ್ವರದಲ್ಲೂ ನಾನು ಬೇಡ ಬೇಡ ಎಂದದ್ದು ನಿಮಗೆ ಕೇಳಿಸಿತ್ತು, ಏಕೆಂದರೆ ನೀವು “ಬೆಳೀತೈತೆ ಬಿಡು” ಎಂದು ಉತ್ತರ ಕೊಟ್ಟಿರಿ. ಸೊಂಟ ಮುಟ್ಟುತ್ತಿದ್ದ ಜಡೆ. ಸೊಂಟದ ಕೆಳಗಿನದು ನನ್ನ ಮಾತು ಕೇಳುವುದಿಲ್ಲವೆಂದು ಎರಡು ವರ್ಷದಿಂದ ಗೊತ್ತಿತ್ತು. ಮೇಲಿನದೂ ನನ್ನದಲ್ಲ ಎಂದು ಅವತ್ತು ಗೊತ್ತಾಯಿತು.

ಜ್ವರ ಬಿಟ್ಟ ಮೇಲೆ, ನೀವು ಡ್ಯೂಟಿಗೆ ಹೋಗಿದ್ದಾಗ ಗೌಸಿಯಾಗೆ ಫೋನ್ ಮಾಡಿದೆ. ಹೊಲಿಗೆ ಕಲಿಯುವಾಗ ಒಂದೇ ಮಿಷನ್ನಿಗೆ ಜಗಳವಾಡಿ ಗೆಳತಿಯರಾದವರು ನಾವು. ಅವಳ ಗಂಡ ಮುಬೀನ್ ಆಟೋ ತಂದರು. ನಿಮ್ಮಕ್ಕ ಬಾಗಿಲಿಗೆ ಅಡ್ಡ ನಿಂತು, “ನನ್ ತಮ್ಮನ್ನ ಕೇಳ್ದಂಗೆ ನೀನು ಎಲ್ಲಿಗೂ ಹೋಗಂಗಿಲ್ಲ” ಅಂದರು.

“ನನ್ ಕೂದ್ಲು ಕತ್ತರ್ಸಾಕೆ ನೀವು ನನ್ನ ಕೇಳಿದ್ರೇನ್ರೀ?” ಅಂದೆ.

ದಾರಿ ಬಿಟ್ಟರು.

ಇಲ್ಲಿ ಮೊದಲ ದಿನ ಗೌಸಿಯಾ “ಸ್ನಾನ ಈಗ ಮಾಡ್ತೀಯೋ, ಸಂಜಿಗೋ?” ಎಂದಳು. ಎರಡು ವರ್ಷದಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಳು ಬಂತು. ಅತ್ತು ಮುಗಿಸಿ “ಸಂಜಿಗೆ” ಅಂದೆ. ಮರುದಿನ ಬಸ್ ಸ್ಟ್ಯಾಂಡ್ ಹತ್ತಿರ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದೆ. ಹೊಟ್ಟೆ ಕೆಟ್ಟಿತು. ಕೆಡಲಿ, ನನ್ನ ಹೊಟ್ಟೆ. ಮಂಚದಿಂದ ಕುರ್ಚಿಗೆ ಒಬ್ಬಳೇ ಜರುಗಲು ಹೋಗಿ ಬಿದ್ದು ಮೊಣಕೈ ತರಚಿತು. ಮತ್ತೆ ಜರುಗಿದೆ. ಈಗ ಬೀಳುವುದಿಲ್ಲ.

ನಾನು ಮನೆಗೆ ಬರುವವಳೇ. ಅದು ನನ್ನ ಮನೆಯೂ ಹೌದು. ಆದರೆ ಮೈ ತೊಳೆಯುವವರು ಯಾರೆಂದು ನಾನು ಆರಿಸುತ್ತೇನೆ. ಸಾಸ್ವೆಹಳ್ಳಿಯ ನಜೀರಾ ಜೊತೆ ಮಾತಾಡಿದ್ದೇನೆ, ಆ ಕೆಲಸಕ್ಕೆ ಬರಲು ಒಪ್ಪಿದ್ದಾಳೆ. ನಿಮ್ಮಕ್ಕ ನೆಂಟರಾಗಿ ಬರಲಿ, ಕಾವಲಿಗೆ ಬೇಡ. ಬಾಯಾರಿದಾಗ ನೀರು ಕುಡಿಯುತ್ತೇನೆ, ಆಮೇಲಿನದು ಆಮೇಲೆ. ಮುಟ್ಟುವ ಮುಂಚೆ ಕೇಳಿ. ನಾನು ಬೇಡವೆಂದರೆ ಬೇಡವೇ. ನೀವು ಆಯಾ ಆಗಿದ್ದು ಸಾಕು, ನನಗೆ ಗಂಡ ಬೇಕು. ಎದುರು ಕೂತು ಟೀ ಕುಡಿಯಿರಿ, ಮೊದಲಿನ ಹಾಗೆ ಜಗಳವಾಡಿ. “ಪಾಪ, ಅವಳಿಗೇನು ತಿಳಿಯುತ್ತೆ” ಎನ್ನುವ ಮನೆಗೆ ಮಾತ್ರ ಕಾಲಿಡುವುದಿಲ್ಲ. ಕಾಲಿಲ್ಲದವಳು ಹೀಗೆ ಬರೆದಳೆಂದು ನಗು ಬಂದರೆ ನಕ್ಕುಬಿಡಿ. ಆ ಮನೆಯಲ್ಲಿ ಯಾರೂ ನಕ್ಕು ಬಹಳ ದಿನವಾಯಿತು.

ಮತ್ತೆ ಬನ್ನಿ. ನನ್ನ ಮುಖ ನೋಡಿ, “ಬರ್ತೀಯಾ?” ಎಂದು ನನ್ನನ್ನೇ ಕೇಳಿ. ಉತ್ತರ ಈಗಲೇ ಹೇಳುವುದಿಲ್ಲ.

ಇಂತಿ,
ನಿಮ್ಮ ರೋಗಿಯಲ್ಲ, ನಿಮ್ಮ ಹೆಂಡತಿ
ಶಂಕ್ರಮ್ಮ

ವಿ.ಸೂ.: ಭಾನುವಾರ ನಿಮ್ಮ ಬೈಕಿನ ಸದ್ದು ರಸ್ತೆಯ ತಿರುವಿನಲ್ಲೇ ಗುರುತು ಸಿಕ್ಕಿತ್ತು. ಕೂಡಲೇ ಗಾಲಿಗಳ ಎರಡೂ ಬ್ರೇಕ್ ಹಾಕಿಕೊಂಡೆ. ಇಲ್ಲದಿದ್ದರೆ ನೀವು ಏನೂ ಕೇಳದೆಯೇ ನಿಮ್ಮ ಹಿಂದೆ ಹೊರಟುಬಿಡುತ್ತಿದ್ದೆ.