ಲೇಸು ಬಿಚ್ಚಿದ ಕೈ

ಮಾರ್ಚ್ ೧೧, ಮಂಗಳವಾರ. ನೊಗಾಲೆಸ್, ಮೆಕ್ಸಿಕೊ.

ಮೂರು ಸಲ ಕೈ ತೊಳೆದೆ. ಅಸಹ್ಯ ಹೋಗುತ್ತಿಲ್ಲ.

ಗಡಿಯಾಚೆ ಅಮೆರಿಕದವರು ಆಶ್ರಯ ಕೇಳಿ ಬಂದವರನ್ನು ಕೂಡಿಹಾಕುವಾಗ, ನೇಣು ಹಾಕಿಕೊಂಡಾರೆಂದು ಬೂಟಿನ ಲೇಸು ಕಿತ್ತುಕೊಳ್ಳುತ್ತಾರೆ. ಹೊರದಬ್ಬುವಾಗ ವಾಪಸ್ ಕೊಡುವುದಿಲ್ಲ. ಅದಕ್ಕೇ ಹಾಗೆ ಬಂದವರಿಗಾಗಿ ನಡೆಸುವ ನಮ್ಮ ಊಟದ ಮನೆಯಲ್ಲಿ ಟೋರ್ಟಿಯಾ ರೊಟ್ಟಿಗಿಂತ ಮೊದಲು ಲೇಸು ಕೊಡುತ್ತೇವೆ. ಬೆಳಿಗ್ಗೆ ಹೊಂಡುರಾಸಿನ ಎಡೆಲ್ಮಿರಾ ಬೂಟು ಎಳೆದುಕೊಂಡು ಬಂದಳು. ಕೊಟ್ಟೆ. ಬಿಗಿಯಾಗಿ ಕಟ್ಟಿಕೊಂಡು ನೆಟ್ಟಗೆ ನಿಂತಳು.

ಮಧ್ಯಾಹ್ನ ದಾನಿ ಸಂಸ್ಥೆಯವನು ಕ್ಯಾಮೆರಾ ಹಿಡಿದು ಬಂದ. "ಆಶ್ರಯದ ಕಾನೂನು ಇನ್ನು ಮುಗಿದ ಕತೆ ಕಣ್ರೀ ಸೊಕೊರ್ರೊ. ಮುಂದೆ ನೆರವು ಬೇಕಂದ್ರೆ ನೋಡ್ದೋರ ಕಣ್ಣಲ್ಲಿ ನೀರು ಬರ್ಬೇಕು. ಆ ಲೇಸು ಕೊಡೋದನ್ನ ಇನ್ನೊಂದ್ಸಲ ಮಾಡಿ, ಪ್ಲೀಸ್."

ಮುಂದಿನ ತಿಂಗಳ ಮೆಕ್ಕೆಜೋಳದ ಹಿಟ್ಟು ಅವನ ಸಹಿಯಿಂದಲೇ ಬರಬೇಕು. ಮತ್ತೆ ಕೊಡಲೆಂದು ನಾನೇ ಮಂಡಿಯೂರಿ, ನಗುನಗುತ್ತಾ ಎಡೆಲ್ಮಿರಾಳ ಲೇಸು ಬಿಚ್ಚಿದೆ. ಅವಳು ಕಾಲು ಅಲ್ಲಾಡಿಸಲಿಲ್ಲ, ಅಭ್ಯಾಸವಾದವಳಂತೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಫೋಟೊ ಚೆನ್ನಾಗಿ ಬಂತಂತೆ.

ಅವನು ಹೋದ ಮೇಲೆ ನಾನೇ ಕಟ್ಟಿಕೊಡಲು ಬಗ್ಗಿದೆ. ಎಡೆಲ್ಮಿರಾ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬೇಡ ಬಿಡಕ್ಕ. ಆಚೆ ಕಡೆ ಬಿಚ್ಚಿದ ಪೊಲೀಸಮ್ಮನೂ ಹೀಗೇ ನಗ್ತಿದ್ಲು."